ಕಷಾಯದ ಲೋಟದಲ್ಲಿ ಏನೇನಿದೆ? ಊರಿಗೆ ಪ್ಯಾಕೆಟ್ ಕಳಿಸೋ ಮುಂಚೆ ಓದಿ

ಮಳೆ ಮುಗಿದು ಚಳಿ ಕಾಲಿಡುವ ಹೊತ್ತಿಗೆ ರಾಯಚೂರು ಸೀಮೆಯಲ್ಲಿ ಹತ್ತಿ ಬಿಡಿಸೋ ಕೆಲಸ, ಭತ್ತದ ಕೊಯ್ಲು ಎರಡೂ ಜೋರು. ಬೆಳಗ್ಗೆ ಥಂಡಿ, ಮಧ್ಯಾಹ್ನ ಧೂಳು. ಮನೆಗೊಬ್ಬರಿಗಾದರೂ ಮೂಗು ಸೋರುತ್ತದೆ, ಗಂಟಲು ಕೆರೆಯುತ್ತದೆ. ಗಿಲ್ಲೆಸುಗೂರಿನಲ್ಲಿ ಅವ್ವ ಹಸಿ ಶುಂಠಿ ಜಜ್ಜಿ, ಮೆಣಸು ಕುಟ್ಟಿ ಒಲೆ ಮೇಲೆ ಕಷಾಯಕ್ಕೆ ಇಡುತ್ತಾಳೆ. ಬೆಂಗಳೂರಲ್ಲೋ ಹೈದರಾಬಾದಲ್ಲೋ ಕೂತ ಮಗ ಫೋನಿನಲ್ಲಿ ‘ಇಮ್ಯುನಿಟಿ ಟೀ’ ಅಂತ ಹುಡುಕಿ ಊರಿನ ವಿಳಾಸಕ್ಕೆ ಆರ್ಡರ್ ಮಾಡುತ್ತಾನೆ.

ಎರಡರ ಹಿಂದೆಯೂ ಇರೋದು ಕಾಳಜಿನೇ. ಆದರೆ ಆ ಪ್ಯಾಕೆಟ್ ತಲುಪುವ ಮನೆಯಲ್ಲಿ ಅಪ್ಪನ ಬಿಪಿ ಗುಳಿಗೆ ಇದೆ, ಅವ್ವನ ಶುಗರ್ ಗುಳಿಗೆ ಇದೆ. ಅತ್ತಿಗೆ ಬಸುರಿ ಇರಬಹುದು, ತೊಟ್ಟಿಲಲ್ಲಿ ಎಂಟು ತಿಂಗಳ ಕೂಸು ಇರಬಹುದು. ‘ಗಿಡದ್ದು ಅಲ್ಲೇನು, ಏನಾಗಲ್ಲ ಬಿಡಪ’ ಅನ್ನೋ ಒಂದು ಮಾತಿನಲ್ಲಿ ಇವರೆಲ್ಲರಿಗೂ ಒಂದೇ ಲೋಟ ಕೊಡೋಕೆ ಆಗುವುದಿಲ್ಲ. ಗಿಡಕ್ಕೆ ಕೆಲಸ ಮಾಡೋ ಶಕ್ತಿ ಇದೆ ಅಂತ ಒಪ್ಪಿದರೆ, ತೊಂದರೆ ಮಾಡೋ ಶಕ್ತಿಯೂ ಇದೆ ಅಂತ ಒಪ್ಪಲೇಬೇಕು.

ನಾನು ವೈದ್ಯನಲ್ಲ, ಸಾಫ್ಟ್‌ವೇರ್ ಇಂಜಿನಿಯರ್. ಹಾಗಾಗಿ ಇಲ್ಲಿ ಚಿಕಿತ್ಸೆ ಹೇಳುತ್ತಿಲ್ಲ. ನೆಗಡಿ ಲೋಟದಲ್ಲಿ ಸಾಮಾನ್ಯವಾಗಿ ಬೀಳುವ ಒಂದೊಂದು ವಸ್ತುವನ್ನೂ ಹೊರಗೆ ತೆಗೆದು, ಅದರ ಬಗ್ಗೆ ಗೊತ್ತಿರೋದೇನು ಅಂತ ಜೋಡಿಸಿದ್ದೇನೆ.

ಮೊದಲು ನೆಗಡಿಯ ಲೆಕ್ಕ

ನೆಗಡಿಗೆ ಕಾರಣ ಒಂದೇ ವೈರಸ್ ಅಲ್ಲ, 200ಕ್ಕೂ ಹೆಚ್ಚು ಇವೆ. ಅವುಗಳಲ್ಲಿ ರೈನೋವೈರಸ್ ಗುಂಪಿನದೇ ಹೆಚ್ಚು ಕಾರುಬಾರು. ಇವು ಬಂದರೆ ಸಾಮಾನ್ಯವಾಗಿ 7ರಿಂದ 10 ದಿನದಲ್ಲಿ ದೇಹವೇ ಸರಿಮಾಡಿಕೊಳ್ಳುತ್ತದೆ. ‘ಔಷಧ ತಗೊಂಡರೆ ಒಂದು ವಾರ, ಬಿಟ್ಟರೆ ಏಳು ದಿನ’ ಅನ್ನೋ ಹಳೇ ತಮಾಷೆಯಲ್ಲಿ ಪೂರ್ತಿ ಸತ್ಯ ಇದೆ.

ಇದರಿಂದಲೇ ಒಂದು ಗೊಂದಲವೂ ಹುಟ್ಟುತ್ತದೆ. ನಾವು ಕಷಾಯ ಕುಡಿಯೋದು ತೊಂದರೆ ಅತಿ ಹೆಚ್ಚಿದ್ದ ದಿನ. ಅಲ್ಲಿಂದ ಮುಂದೆ ಅದು ಹೇಗೂ ಇಳಿಯಬೇಕು. ಇಳಿದಾಗ ಹೆಸರು ಕಷಾಯಕ್ಕೆ ಹೋಗುತ್ತದೆ. ಹಾಗಾಗಿ ‘ನಮ್ಮ ಮನೆಯಲ್ಲಿ ಕೆಲಸ ಮಾಡ್ತು’ ಅನ್ನೋದು ಸುಳ್ಳಲ್ಲದಿದ್ದರೂ ಪುರಾವೆ ಆಗೋದಿಲ್ಲ. ಕುಡಿದವರು, ಕುಡಿಯದವರು ಇಬ್ಬರನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗಲೇ ಗೊತ್ತಾಗೋದು.

ಫ್ಲೂ ಬೇರೆ. ಅದು ಇನ್‌ಫ್ಲೂಯೆಂಜಾ ವೈರಸ್ಸಿನಿಂದ ಬರೋದು. ನೆಗಡಿ ಮೆಲ್ಲಗೆ ಮೂಗಿನಿಂದ ಶುರುವಾದರೆ, ಫ್ಲೂ ಒಮ್ಮೆಗೇ ಬಂದು ಮಲಗಿಸುತ್ತದೆ: ಜೋರು ಜ್ವರ, ಮೈಕೈ ನೋವು, ಎದ್ದು ಕೂರೋಕೆ ಆಗದಷ್ಟು ಸುಸ್ತು. ವಯಸ್ಸಾದವರಿಗೆ, ಬಸುರಿಯರಿಗೆ, ಅಸ್ತಮಾ ಅಥವಾ ಶುಗರ್ ಇರುವವರಿಗೆ ಇದು ನ್ಯುಮೋನಿಯಾಕ್ಕೆ ತಿರುಗಬಹುದು. ಇದಕ್ಕೆ ಒಸೆಲ್ಟಾಮಿವಿರ್ ಅನ್ನೋ ಔಷಧ ಇದೆ. ಅದರ ಉಪಯೋಗ ಹೆಚ್ಚು ಸಿಗೋದು ಮೊದಲ 48 ಗಂಟೆಯೊಳಗೆ ಶುರು ಮಾಡಿದರೆ. ಆ ಎರಡು ದಿನ ಬರೀ ಕಷಾಯದಲ್ಲೇ ಕಳೆದರೆ ಆಗುವ ನಷ್ಟವನ್ನು ಯಾರೂ ಲೆಕ್ಕ ಹಾಕೋದಿಲ್ಲ.

ಬಿಸಿ ನೀರಿನ ಪಾಲು ಎಷ್ಟು?

ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದಲ್ಲಿ ನೆಗಡಿಯ ಅಧ್ಯಯನಕ್ಕೆಂದೇ ಒಂದು ಕೇಂದ್ರ ಇತ್ತು. ಅಲ್ಲಿ ನೆಗಡಿಯಾಗಿದ್ದ 30 ಜನರ ಮೇಲೆ ಒಂದು ಸರಳ ಪರೀಕ್ಷೆ ಮಾಡಿದರು. ಒಂದೇ ಹಣ್ಣಿನ ಪಾನಕ, ಕೆಲವರಿಗೆ ಬಿಸಿ, ಕೆಲವರಿಗೆ ಸಾಮಾನ್ಯ ಉಷ್ಣಾಂಶದ್ದು. ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ತಣ್ಣನೆಯದ್ದು ಕುಡಿದವರಿಗೆ ಸೋರುವ ಮೂಗು, ಕೆಮ್ಮು, ಸೀನು ಸ್ವಲ್ಪ ಕಡಿಮೆ ಅನ್ನಿಸಿತು. ಬಿಸಿ ಕುಡಿದವರಿಗೆ ಇವುಗಳ ಜೊತೆ ಗಂಟಲು ನೋವು, ಚಳಿ, ಸುಸ್ತು ಕೂಡ ತಕ್ಷಣ ಹಗುರ ಅನ್ನಿಸಿತು. ಆದರೆ ಮೂಗಿನಲ್ಲಿ ಗಾಳಿ ಎಷ್ಟು ಹರಿಯುತ್ತಿದೆ ಅಂತ ಉಪಕರಣದಿಂದ ಅಳೆದಾಗ ಬದಲಾವಣೆ ಇರಲಿಲ್ಲ.

ಗಮನಿಸಿ, ಆ ಪಾನಕದಲ್ಲಿ ಮೂಲಿಕೆ ಇರಲಿಲ್ಲ. ಅಂದರೆ ಕಷಾಯದ ಕೀರ್ತಿಯಲ್ಲಿ ಒಂದು ದೊಡ್ಡ ಪಾಲು ಬಿಸಿ, ಸಿಹಿ, ಘಮ ಇವುಗಳದ್ದು. ಇವು ಬಾಯಲ್ಲಿ ಜೊಲ್ಲು ಊರಿಸುತ್ತವೆ, ಒಣಗಿದ ಗಂಟಲನ್ನು ತೇವ ಮಾಡುತ್ತವೆ.

ಇನ್ನೊಂದು ಪಾಲು ಖಾರದ್ದು. ಮೆಣಸಿನಕಾಯಿಯ ಕ್ಯಾಪ್ಸೈಸಿನ್, ಕರಿಮೆಣಸಿನ ಪೈಪರಿನ್, ಶುಂಠಿಯ ಜಿಂಜರಾಲ್ ಮೂರೂ ನಮ್ಮ ನರತುದಿಯಲ್ಲಿರುವ ಟಿಆರ್‌ಪಿವಿ1 ಅನ್ನೋ ಒಂದೇ ಬಾಗಿಲನ್ನು ತಟ್ಟುತ್ತವೆ. ಅದು ಬಿಸಿ ಗುರುತಿಸುವ ಬಾಗಿಲು. ಅದಕ್ಕೇ ಖಾರ ತಿಂದರೆ ‘ಉರಿ’ ಅನ್ನಿಸೋದು, ಮೂಗಲ್ಲಿ ನೀರು ಬರೋದು. ಇದನ್ನು ಪತ್ತೆ ಮಾಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಕಟ್ಟಿದ ಮೂಗು ಸಡಿಲ ಆದಂತೆ ಅನ್ನಿಸೋದಕ್ಕೆ ಇದೂ ಒಂದು ಕಾರಣ. ವೈರಸ್ ಸತ್ತಿದ್ದಕ್ಕಲ್ಲ.

ಆರಾಮ ಅನ್ನೋದು ಸಣ್ಣ ವಿಷಯ ಅಲ್ಲ. ರಾತ್ರಿ ನಿದ್ದೆ ಬರಿಸಿದರೆ ಅದೇ ದೊಡ್ಡ ಉಪಕಾರ. ಆದರೆ ಆರಾಮ ಬೇರೆ, ವಾಸಿ ಬೇರೆ.

ಕುದಿಸೋದು, ನೆನೆಸೋದು

‘ಹರ್ಬಲ್ ಟೀ’ ಅಂತ ಕರೆದರೂ ಹೆಚ್ಚಿನವುಗಳಲ್ಲಿ ಚಹಾ ಸೊಪ್ಪೇ ಇರೋದಿಲ್ಲ. ಅದನ್ನೂ ಕಷಾಯವನ್ನೂ ಒಂದೇ ಅಂತ ತಿಳಿಯೋದೂ ತಪ್ಪು. ಆಯುರ್ವೇದ ಇವೆರಡನ್ನು ಶತಮಾನಗಳ ಹಿಂದೆಯೇ ಬೇರೆ ಮಾಡಿದೆ. ಬಿಸಿ ನೀರು ಹಾಕಿ ನೆನೆಸಿ ಸೋಸಿದ್ದು ‘ಫಾಂಟ’. ಕುದಿಸಿ ಬತ್ತಿಸಿದ್ದು ‘ಕ್ವಾಥ’, ಅಂದರೆ ನಮ್ಮ ಕಷಾಯ. ಶಾರ್ಙ್ಗಧರ ಸಂಹಿತೆಯ ಅಳತೆಯಲ್ಲಿ ಕ್ವಾಥಕ್ಕೆ ಒಂದು ಪಾಲು ಮೂಲಿಕೆಗೆ 16 ಪಾಲು ನೀರು ಹಾಕಿ, ಎಂಟನೇ ಒಂದು ಭಾಗಕ್ಕೆ ಇಳಿಸಬೇಕು.

ಅಂದರೆ ಟೀ ಬ್ಯಾಗ್ ಅದ್ದಿದ ಲೋಟಕ್ಕೂ ಶಾಸ್ತ್ರದ ಪ್ರಕಾರ ಬತ್ತಿಸಿದ ಕಷಾಯಕ್ಕೂ ಶಕ್ತಿಯಲ್ಲಿ ಅಜಗಜಾಂತರ. ಮನೆಯಲ್ಲಿ ‘ಇನ್ನೂ ಸ್ವಲ್ಪ ಗಟ್ಟಿ ಆಗಲಿ’ ಅಂತ ಅರ್ಧ ಗಂಟೆ ಕುದಿಸಿದಾಗ ನಾವು ಪಾನೀಯದಿಂದ ಔಷಧದ ಕಡೆ ಹೋಗುತ್ತಿದ್ದೇವೆ. ಅಲ್ಲಿ ಪ್ರಮಾಣ ಮುಖ್ಯ ಆಗುತ್ತದೆ.

ಇನ್ನೊಂದು ಉಪಯುಕ್ತ ವಿಷಯ. ತುಳಸಿ, ದೊಡ್ಡಪತ್ರೆ, ಪುದೀನಾದಂಥ ಎಲೆಗಳ ಘಮ ಇರೋದು ಹಾರಿಹೋಗುವ ಎಣ್ಣೆಯಲ್ಲಿ. ಮುಚ್ಚದೆ ಕುದಿಸಿದರೆ ಅಡುಗೆಮನೆ ಘಮಘಮ ಅನ್ನುತ್ತದೆ, ಲೋಟದಲ್ಲಿ ಏನೂ ಉಳಿಯೋದಿಲ್ಲ. ಬೇರು, ಚಕ್ಕೆ, ಕಾಳುಗಳನ್ನು ಕುದಿಸಿ. ಎಲೆಗಳನ್ನು ಒಲೆ ಆರಿಸಿದ ಮೇಲೆ ಹಾಕಿ ತಟ್ಟೆ ಮುಚ್ಚಿ.

ಒಂದೊಂದಾಗಿ ನೋಡಿದರೆ

*ಶುಂಠಿ:* ಹಸಿ ಶುಂಠಿಯಲ್ಲಿ ಜಿಂಜರಾಲ್ ಹೆಚ್ಚು. ಒಣಗಿದಾಗ ಅದರ ಒಂದು ಭಾಗ ಇನ್ನೂ ಖಾರದ ಶೋಗಾಲ್ ಆಗಿ ಬದಲಾಗುತ್ತದೆ. 2013ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಹಸಿ ಶುಂಠಿಯ ಕಷಾಯ ಉಸಿರಾಟದ ಒಂದು ವೈರಸ್ ಜೀವಕೋಶಕ್ಕೆ ಅಂಟೋದನ್ನು ತಡೆಯಿತು, ಒಣ ಶುಂಠಿ ತಡೆಯಲಿಲ್ಲ. ಕೇಳೋಕೆ ಚೆಂದ. ಆದರೆ ಅದು ಪ್ರಯೋಗಾಲಯದ ತಟ್ಟೆಯಲ್ಲಿನ ಜೀವಕೋಶ, ನಮ್ಮ ಮೂಗು ಅಲ್ಲ. ವಾಕರಿಕೆ ಕಡಿಮೆ ಮಾಡುವ ವಿಷಯದಲ್ಲಿ ಶುಂಠಿಗೆ ಒಳ್ಳೆಯ ಪುರಾವೆ ಇದೆ.

*ತುಳಸಿ:* ಯೂಜಿನಾಲ್ ಅನ್ನೋ ಎಣ್ಣೆ ಇದರ ಘಮಕ್ಕೆ ಮುಖ್ಯ ಕಾರಣ. ಲವಂಗದಲ್ಲೂ ಇರೋದು ಅದೇ. ಮನುಷ್ಯರ ಮೇಲೆ ಅಧ್ಯಯನಗಳು ಆಗಿವೆ, ಆದರೆ ಹೆಚ್ಚಿನವು ಸಣ್ಣವು. ನಾಲ್ಕಾರು ಎಲೆ ಲೋಟಕ್ಕೆ ಹಾಕೋದರಲ್ಲಿ ಚಿಂತೆ ಇಲ್ಲ.

*ಕರಿಮೆಣಸು:* ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನ ಜಗತ್ತಿನಾದ್ಯಂತ ಹೆಸರಾಯಿತು. 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ, ದೇಹಕ್ಕೆ ಸಿಗುವ ಕರ್ಕ್ಯುಮಿನ್ ಪ್ರಮಾಣ ಶೇ. 2000ದಷ್ಟು ಏರಿತು. ‘ಅರಿಶಿಣದ ಜೊತೆ ಮೆಣಸು ಹಾಕಿ’ ಅನ್ನೋ ಈಗಿನ ಸಲಹೆಯ ಬೇರು ಇಲ್ಲಿದೆ. ಆದರೆ ಇದರ ಇನ್ನೊಂದು ಮುಖ ಯಾರೂ ಫಾರ್ವರ್ಡ್ ಮಾಡೋದಿಲ್ಲ. ಪೈಪರಿನ್ ಅರಿಶಿಣವನ್ನಷ್ಟೇ ಅಲ್ಲ, ಗುಳಿಗೆಗಳನ್ನೂ ರಕ್ತಕ್ಕೆ ಹೆಚ್ಚಾಗಿ ಸೇರಿಸಬಹುದು. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಬಿಪಿಗೆ ಕೊಡುವ ಪ್ರೊಪ್ರನೊಲಾಲ್, ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್ ಇವುಗಳಲ್ಲಿ ಇದನ್ನು ಅಳೆದು ನೋಡಿದ್ದಾರೆ. ಸಾರಿಗೆ ಹಾಕುವ ಮೆಣಸು ಪರವಾಗಿಲ್ಲ. ದಿನಾ ಚಮಚಗಟ್ಟಲೆ ಮೆಣಸಿನ ಪುಡಿ, ಹಿಪ್ಪಲಿ ಪುಡಿ ಬೇಡ.

*ಆಡುಸೋಗೆ:* ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ. ಆದರೆ ಆಡುಸೋಗೆಯ ಕಹಿಗೆ ಆಡು ಕೂಡ ಹಿಂದೆ ಸರಿಯುತ್ತದೆ, ಅದಕ್ಕೇ ಇದು ಬೇಲಿಗೆ ಒಳ್ಳೆಯದು. ಇದರಲ್ಲಿನ ವ್ಯಾಸಿಸಿನ್ ಅನ್ನು ಮಾದರಿಯಾಗಿಟ್ಟುಕೊಂಡು ಬ್ರೋಮ್‌ಹೆಕ್ಸಿನ್ ತಯಾರಾಯಿತು. ಬ್ರೋಮ್‌ಹೆಕ್ಸಿನ್ ದೇಹದಲ್ಲಿ ಬದಲಾದಾಗ ಆಗೋದು ಆಂಬ್ರಾಕ್ಸಾಲ್. ಮನೆಯಲ್ಲಿರುವ ಕೆಮ್ಮಿನ ಸಿರಪ್ಪಿನ ಲೇಬಲ್ ಓದಿ, ಇವೆರಡರಲ್ಲಿ ಒಂದರ ಹೆಸರು ಸಿಕ್ಕರೂ ಸಿಗಬಹುದು. ಕಫ ಸಡಿಲಿಸುವ ಈ ಔಷಧಗಳ ಅಜ್ಜಿ ನಮ್ಮ ಬೇಲಿಯಲ್ಲಿದ್ದಾಳೆ. ಆದರೆ ವ್ಯಾಸಿಸಿನ್‌ಗೆ ಗರ್ಭಕೋಶವನ್ನು ಕುಗ್ಗಿಸುವ ಗುಣವೂ ಇದೆ. ಬಸುರಿಯರಿಗೆ ಆಡುಸೋಗೆ ಕಷಾಯ ಕೊಡಬಾರದು.

*ಓಂಕಾಳು (ಅಜವಾನ), ದೊಡ್ಡಪತ್ರೆ:* ಎರಡೂ ಬೇರೆ ಬೇರೆ ಕುಟುಂಬದ ಗಿಡ. ಆದರೂ ಘಮ ಒಂದೇ ಥರ, ಯಾಕೆಂದರೆ ಥೈಮಾಲ್, ಕಾರ್ವಕ್ರಾಲ್ ಅನ್ನೋ ಜೋಡಿ ಎಣ್ಣೆಗಳು. ಯುರೋಪಿನಲ್ಲಿ ಕೆಮ್ಮಿಗೆ ಬಳಸುವ ಥೈಮ್ ಗಿಡದಲ್ಲೂ ಇವೇ ಇವೆ. ಬಾಲ್ಕನಿಯ ಕುಂಡದಲ್ಲಿ ಒಂದು ಕಡ್ಡಿ ಚುಚ್ಚಿದರೆ ದೊಡ್ಡಪತ್ರೆ ಬರುತ್ತದೆ.

*ನೆಲಬೇವು:* ಮೂಲಿಕೆಗಳಲ್ಲಿ ನೆಗಡಿಯ ಮೇಲೆ ಹೆಚ್ಚು ಪರೀಕ್ಷೆಗೆ ಒಳಗಾದವುಗಳಲ್ಲಿ ಒಂದು. 2017ರಲ್ಲಿ 33 ಪ್ರಯೋಗಗಳನ್ನು, 7,175 ಜನರ ವಿವರವನ್ನು ಒಟ್ಟು ಮಾಡಿ ನೋಡಿದಾಗ ಕೆಮ್ಮು, ಗಂಟಲು ನೋವು ಕಡಿಮೆ ಆಗುವ ಸೂಚನೆ ಸಿಕ್ಕಿತು. ಆದರೆ ಹೆಚ್ಚಿನ ಪ್ರಯೋಗಗಳ ಗುಣಮಟ್ಟ ಚೆನ್ನಾಗಿರಲಿಲ್ಲ ಅಂತ ಅದೇ ಲೇಖಕರು ಹೇಳಿದ್ದಾರೆ. ಕೆಲವರಿಗೆ ಇದರಿಂದ ತೀವ್ರ ಅಲರ್ಜಿ ಆದದ್ದಕ್ಕೆ ಆಸ್ಟ್ರೇಲಿಯಾದ ಔಷಧ ನಿಯಂತ್ರಕರು ಎಚ್ಚರಿಕೆ ಕೊಟ್ಟಿದ್ದಾರೆ.

*ಜೇನುತುಪ್ಪ:* ಇದು ಗಿಡ ಅಲ್ಲ, ಆದರೆ ಲೋಟದಲ್ಲಿ ಇದರ ಪುರಾವೆಯೇ ಗಟ್ಟಿ. ಮಕ್ಕಳ ಕೆಮ್ಮಿಗೆ ಜೇನು ಕೊಟ್ಟಾಗ, ಏನೂ ಕೊಡದೆ ಇದ್ದದ್ದಕ್ಕಿಂತ ಕೆಮ್ಮು ಕಡಿಮೆ ಆಗುವ ಸಾಧ್ಯತೆ ಇದೆ ಅಂತ ಕಾಕ್ರೇನ್ ಸಂಸ್ಥೆಯ 2018ರ ವಿಮರ್ಶೆ ಹೇಳುತ್ತದೆ. ಒಂದು ವರ್ಷ ತುಂಬದ ಕೂಸಿಗೆ ಮಾತ್ರ ಒಂದು ಹನಿಯೂ ಬೇಡ. ಅದರಲ್ಲಿ ಇರಬಹುದಾದ ಬೊಟುಲಿನಂ ಬೀಜಾಣುಗಳನ್ನು ಕೂಸಿನ ಕರುಳು ತಡೆಯಲಾರದು.

ನಮ್ಮ ಸೀಮೆಯ ಇನ್ನೊಂದು ಲೋಟ: ಜೋಶಾಂದ

ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಹಾಗಾಗಿ ಈ ಭಾಗಕ್ಕೆ ಆಯುರ್ವೇದದ ಕಷಾಯದ ಜೊತೆ ಯುನಾನಿಯ ಜೋಶಾಂದವೂ ಪರಿಚಿತ. ಹೈದರಾಬಾದಿನ ಚಾರ್‌ಮಿನಾರ್ ಪಕ್ಕದಲ್ಲೇ ಯುನಾನಿ ಆಸ್ಪತ್ರೆ ಇದೆ. ಜೋಶಾಂದ ಅಂದರೆ ಪರ್ಷಿಯನ್ನಿನಲ್ಲಿ ‘ಕುದಿಸಿದ್ದು’ ಅಂತಲೇ ಅರ್ಥ.

ನಮ್ಮ ಕಷಾಯ ಖಾರದ ದಾರಿ ಹಿಡಿದರೆ ಜೋಶಾಂದ ಲೋಳೆಯ ದಾರಿ ಹಿಡಿಯುತ್ತದೆ. ಅದರಲ್ಲಿ ಉನ್ನಾಬ್ ಇರುತ್ತದೆ, ಅದು ನಮ್ಮ ಬಾರಿಹಣ್ಣಿನ ಬಳಗ. ಸಪಿಸ್ತಾನ್ ಇರುತ್ತದೆ, ಅದು ನಮ್ಮ ಚಳ್ಳೆಹಣ್ಣು. ಚಿಕ್ಕವರಿದ್ದಾಗ ಗೋಂದಿನ ಬದಲು ಅಂಟಿಸೋಕೆ ಬಳಸಿದ ಅದೇ ಹಣ್ಣು. ಜೊತೆಗೆ ಖತ್ಮಿ, ಬನಫ್ಶಾ, ಜ್ಯೇಷ್ಠಮಧು. ಚಳ್ಳೆಹಣ್ಣು, ಖತ್ಮಿಗಳ ಲೋಳೆ ಕೆರೆಯುವ ಗಂಟಲಿನ ಮೇಲೆ ತೆಳುವಾಗಿ ಹರಡಿ ಒಣ ಕೆಮ್ಮಿಗೆ ಸಮಾಧಾನ ಕೊಡುತ್ತದೆ. ಹೊಟ್ಟೆ ಉರಿ ಇರುವವರಿಗೆ ಮೆಣಸು ಶುಂಠಿಗಿಂತ ಇದು ಹಿತ.

ಆದರೆ ಆ ಪಟ್ಟಿಯ ಕೊನೆಯ ಹೆಸರಿನಲ್ಲಿ ಒಂದು ಸಮಸ್ಯೆ ಇದೆ.

ಎಚ್ಚರ ಬೇಕಾದ ಮೂರು ಹೆಸರು

*ಜ್ಯೇಷ್ಠಮಧು (ಅತಿಮಧುರ, ಮುಲೇಠಿ):* ಇದರ ಸಿಹಿಗೆ ಕಾರಣ ಗ್ಲಿಸಿರೈಝಿನ್. ಮೂತ್ರಪಿಂಡದಲ್ಲಿ ಒಂದು ಕಿಣ್ವದ ಕೆಲಸವನ್ನು ಇದು ತಡೆಯುತ್ತದೆ. ಆಗ ದೇಹ ಉಪ್ಪನ್ನು ಹಿಡಿದಿಟ್ಟುಕೊಂಡು ಪೊಟ್ಯಾಸಿಯಂ ಹೊರಹಾಕುತ್ತದೆ. ಪರಿಣಾಮ: ಬಿಪಿ ಏರುವುದು, ಕಾಲು ಊದುವುದು, ನಿಶ್ಶಕ್ತಿ, ಕೆಲವೊಮ್ಮೆ ಎದೆಬಡಿತದ ಏರುಪೇರು. ಯುರೋಪಿನ ತಜ್ಞರ ಸಮಿತಿ ದಿನಕ್ಕೆ 100 ಮಿಲಿಗ್ರಾಂ ಗ್ಲಿಸಿರೈಝಿನ್ ದಾಟಬಾರದು ಅಂದಿದೆ. ಗಂಟಲು ನೋವಿಗೆ ಎರಡು ದಿನ ಒಂದು ಚೂರು ಅಗಿಯೋದು ಬೇರೆ, ಚಳಿಗಾಲ ಪೂರ್ತಿ ದಿನಕ್ಕೆ ಮೂರು ಲೋಟ ಬೇರೆ. ಬಿಪಿ ಗುಳಿಗೆ, ಮೂತ್ರ ಹೆಚ್ಚಿಸುವ ಗುಳಿಗೆ, ಹೃದಯಕ್ಕೆ ಡಿಗಾಕ್ಸಿನ್ ತಗೊಳ್ಳೋರು ಇದನ್ನು ಬಿಡೋದೇ ಒಳ್ಳೆಯದು. ಗಂಟಲಿಗೆ ಹಿತ ಅಂತ ಮಾರುವ ಪ್ಯಾಕೆಟ್‌ಗಳಲ್ಲಿ ಇದು ತುಂಬಾ ಸಾಮಾನ್ಯ, ಯಾಕೆಂದರೆ ಸಕ್ಕರೆ ಇಲ್ಲದೆ ಸಿಹಿ ಕೊಡುತ್ತದೆ.

*ಅಮೃತಬಳ್ಳಿ (ಗಿಲೋಯ್):* ಕೋವಿಡ್ ಕಾಲದಲ್ಲಿ ಇದರ ಕಾಂಡವನ್ನು ದಿನಾ ಕುದಿಸಿ ಕುಡಿದವರಲ್ಲಿ ಕೆಲವರಿಗೆ ಕಾಮಾಲೆ ಬಂತು. 2022ರಲ್ಲಿ ದೇಶದ 13 ಆಸ್ಪತ್ರೆಗಳ ವೈದ್ಯರು ಒಟ್ಟು 43 ಜನರ ವಿವರ ಪ್ರಕಟಿಸಿದರು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ಅಮೃತಬಳ್ಳಿ ಸುರಕ್ಷಿತ, ಅದೇ ಜಾತಿಯ ಟಿನೋಸ್ಪೋರಾ ಕ್ರಿಸ್ಪಾ ಅನ್ನೋ ಇನ್ನೊಂದು ಬಳ್ಳಿ ಬೆರೆತಿರಬಹುದು ಅಂತ ಹೇಳಿತು. ಆ ಬಳ್ಳಿಯ ಕಾಂಡದ ತುಂಬ ಎದ್ದು ಕಾಣುವ ಗಂಟುಗಳಿರುತ್ತವೆ. ಈ ವಾದದಲ್ಲಿ ಯಾರ ಕಡೆ ನಿಂತರೂ ಮನೆಯವರಿಗೆ ಪಾಠ ಒಂದೇ: ಬೇಲಿಯಿಂದ ಕಿತ್ತ ಬಳ್ಳಿಯನ್ನು ಗುರುತು ಹಿಡಿಯದೆ ತಿಂಗಳುಗಟ್ಟಲೆ ಕುಡಿಯಬಾರದು. ಲಿವರ್ ತೊಂದರೆ, ಥೈರಾಯ್ಡ್ ಅಥವಾ ಸಂಧಿವಾತದಂಥ ಆಟೋಇಮ್ಯೂನ್ ಕಾಯಿಲೆ ಇದ್ದವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಕಣ್ಣು ಹಳದಿಯಾದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ ತಕ್ಷಣ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು.

*ಚಕ್ಕೆ (ದಾಲ್ಚಿನ್ನಿ):* ಅಂಗಡಿಯಲ್ಲಿ ಎರಡು ಥರ ಇರುತ್ತದೆ. ತೆಳು ಪದರಗಳು ಸುರುಳಿಯಾಗಿ ಒಂದರೊಳಗೊಂದು ಇರೋದು ಸಿಲೋನ್ ದಾಲ್ಚಿನ್ನಿ. ದಪ್ಪ, ಗಟ್ಟಿ, ಒಂದೇ ಪದರದ್ದು ಕ್ಯಾಸಿಯಾ. ಅಗ್ಗದ್ದು ಎರಡನೆಯದು. ಕ್ಯಾಸಿಯಾದಲ್ಲಿ ಕೌಮರಿನ್ ಇದೆ, ಹೆಚ್ಚಾದರೆ ಕೆಲವರ ಲಿವರ್‌ಗೆ ತೊಂದರೆ.

ಇಲ್ಲೊಂದು ಲೆಕ್ಕ ಹಾಕೋಣ. 2020ರ ಏಪ್ರಿಲ್‌ನಲ್ಲಿ ಆಯುಷ್ ಸಚಿವಾಲಯ ಒಂದು ಸೂತ್ರ ಕೊಟ್ಟಿತು. ತುಳಸಿ 4 ಪಾಲು, ಚಕ್ಕೆ 2, ಒಣ ಶುಂಠಿ 2, ಕರಿಮೆಣಸು 1. ಈ ಪುಡಿ 3 ಗ್ರಾಂ, 150 ಮಿಲಿ ಕುದಿಸಿದ ನೀರು, ದಿನಕ್ಕೆ ಒಂದು ಅಥವಾ ಎರಡು ಸಲ. ಆಯುಷ್ ಕ್ವಾಥ್, ಆಯುಷ್ ಕುಡಿನೀರ್, ಆಯುಷ್ ಜೋಶಾಂದ ಅಂತ ಮೂರು ಹೆಸರಿನಲ್ಲೂ ಮಾರಬಹುದಿತ್ತು. ಒಂದು ಲೋಟದಲ್ಲಿ ಚಕ್ಕೆ ಸುಮಾರು 0.67 ಗ್ರಾಂ, ಎರಡು ಲೋಟಕ್ಕೆ 1.33 ಗ್ರಾಂ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆಯ ಮಿತಿ ದೇಹತೂಕದ ಪ್ರತಿ ಕೆಜಿಗೆ 0.1 ಮಿಲಿಗ್ರಾಂ ಕೌಮರಿನ್. 60 ಕೆಜಿಯವರಿಗೆ 6 ಮಿಲಿಗ್ರಾಂ, ಅಂದರೆ ಸರಾಸರಿ ಕ್ಯಾಸಿಯಾ ಪುಡಿ 2 ಗ್ರಾಂ. ಎರಡು ಲೋಟದವರೆಗೆ ಮಿತಿಯೊಳಗೇ ಇದ್ದೇವೆ. ‘ಒಳ್ಳೇದಲ್ಲೇನು’ ಅಂತ ದಿನಾ ನಾಲ್ಕು ಲೋಟ ಕುಡಿದು ಪುಡಿಯನ್ನೂ ನುಂಗಿದರೆ 2.67 ಗ್ರಾಂ, ಮಿತಿ ದಾಟಿತು. 15 ಕೆಜಿಯ ಮಗುವಿಗೆ ಮಿತಿ ಅರ್ಧ ಗ್ರಾಂ ಪುಡಿ ಮಾತ್ರ, ದೊಡ್ಡವರ ಒಂದು ಲೋಟವೇ ಹೆಚ್ಚು. ಸೂತ್ರ ಸರಿಯಾಗಿಯೇ ಇತ್ತು, ಅಳತೆ ಮರೆತಾಗ ಲೆಕ್ಕ ತಪ್ಪುತ್ತದೆ.

ಮಕ್ಕಳಿಗೆ

ಒಂದು ವರ್ಷದೊಳಗಿನ ಕೂಸಿಗೆ ಕಷಾಯ, ಜೇನು ಎರಡೂ ಬೇಡ. ಬಜೆ ಬೇರು ತೇಯ್ದು ನೆಕ್ಕಿಸುವ ರೂಢಿ ಇನ್ನೂ ಇದೆ. ಬಜೆಯಲ್ಲಿರುವ ಬೀಟಾ-ಅಸರೋನ್ ಪ್ರಾಣಿಗಳಲ್ಲಿ ಗೆಡ್ಡೆ ಉಂಟುಮಾಡಿದ್ದರಿಂದ ಅಮೆರಿಕ 1968ರಲ್ಲೇ ಬಜೆಯನ್ನು ಆಹಾರದಲ್ಲಿ ನಿಷೇಧಿಸಿತು. ಅಜ್ಜಿಗೆ ಎದುರು ಮಾತಾಡಬೇಕಾಗಿಲ್ಲ, ‘ಡಾಕ್ಟರನ್ನ ಒಂದ್ಸಲ ಕೇಳೋಣ ಅಜ್ಜಿ’ ಅಂದರೆ ಸಾಕು. ಕೂಸಿಗೆ ನೆಗಡಿಯಾದರೆ ಎದೆಹಾಲು ಮುಂದುವರಿಸಿ. ಉಸಿರು ಜೋರಾದರೆ, ಪಕ್ಕೆ ಒಳಗೆ ಎಳೆದರೆ, ಹಾಲು ಕುಡಿಯೋದು ಬಿಟ್ಟರೆ ಬೆಳಗಾಗೋವರೆಗೆ ಕಾಯಬೇಡಿ.

ಪ್ಯಾಕೆಟ್ ಹೇಗೆ ಓದೋದು?

ಮುಂದಿನ ಚಿತ್ರ ಬಿಟ್ಟು ಹಿಂದೆ ತಿರುಗಿಸಿ. ಆಹಾರವಾಗಿ ಮಾರುವ ಪ್ಯಾಕೆಟ್‌ನಲ್ಲಿ ವಸ್ತುಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆಯಬೇಕು ಅನ್ನೋದು ನಮ್ಮ ದೇಶದ ನಿಯಮ. ಮುಂದೆ ದೊಡ್ಡದಾಗಿ ‘ತುಳಸಿ ಶುಂಠಿ’ ಅಂತಿದ್ದು ಹಿಂದೆ ಮೊದಲ ಹೆಸರು ಸಕ್ಕರೆ ಅಂತಿದ್ದರೆ ನೀವು ಅವ್ವನಿಗೆ ಕಳಿಸುತ್ತಿರೋದು ಸಕ್ಕರೆ. ಬೆಲ್ಲ ಅಂತಿದ್ದರೂ ಶುಗರ್ ಇರುವವರಿಗೆ ವ್ಯತ್ಯಾಸ ಇಲ್ಲ.

ಎರಡನೆಯದು, ಅದು ಆಹಾರವೋ ಔಷಧವೋ ನೋಡಿ. ಆಹಾರವಾದರೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ ಇರುತ್ತದೆ. ಆಯುರ್ವೇದ ಅಥವಾ ಯುನಾನಿ ಔಷಧವಾದರೆ ಔಷಧ ತಯಾರಿಕೆಯ ಪರವಾನಗಿ ಸಂಖ್ಯೆ ಇರುತ್ತದೆ. ಎರಡೂ ಇಲ್ಲದ್ದನ್ನು ತಗೊಳ್ಳಬೇಡಿ.

ಮೂರನೆಯದು, 15 ಮೂಲಿಕೆ, 20 ಮೂಲಿಕೆ ಅಂತ ಹೆಮ್ಮೆಯಿಂದ ಬರೆದದ್ದು ಒಳ್ಳೆಯ ಸುದ್ದಿ ಅಲ್ಲ. ತೊಂದರೆ ಆದಾಗ ಯಾವುದರಿಂದ ಅಂತ ಹುಡುಕೋದು ಹೇಗೆ? ಕೋಡಿನಲ್ಲಿ ಒಮ್ಮೆಗೇ ಇಪ್ಪತ್ತು ಬದಲಾವಣೆ ಮಾಡಿ ಬಗ್ ಹುಡುಕಿದ ಹಾಗೆ. ಮೂರು ನಾಲ್ಕು ಪರಿಚಿತ ವಸ್ತುಗಳ ಲೋಟ ಸಾಕು.

ಲೋಟ ಬದಿಗಿಟ್ಟು ಹೊರಡಬೇಕಾದ ಹೊತ್ತು

ನಿಜವಾದ ಅಪಾಯ ಹೆಚ್ಚಾಗಿ ಕಷಾಯದಲ್ಲಿರೋದಿಲ್ಲ, ಕಷಾಯ ಕುಡಿಯುತ್ತಾ ಕಾದ ದಿನಗಳಲ್ಲಿರುತ್ತದೆ.

ಮೂಗು ಸೋರದೆ, ಕೆಮ್ಮಿಲ್ಲದೆ ಬರೀ ಜೋರು ಜ್ವರ, ಕಣ್ಣಿನ ಹಿಂದೆ ನೋವು, ಮೈಕೈ ನೋವು ಇದ್ದರೆ ಅದು ಡೆಂಗಿ ಇರಬಹುದು. ಇದರಲ್ಲಿ ಮೋಸ ಮಾಡೋದು ಜ್ವರ ಇಳಿಯುವ ಹೊತ್ತು. ‘ಕಷಾಯಕ್ಕೆ ಜ್ವರ ಬಿಡ್ತು’ ಅಂದುಕೊಂಡ ಆ ಒಂದೆರಡು ದಿನವೇ ಹೆಚ್ಚು ಅಪಾಯದ್ದು. ಜೋರು ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಲ್ಲಿ ರಕ್ತ, ಮಂಕು ಬಡಿದಂತೆ ಇರುವುದು ಇವು ಕಂಡರೆ ತಡ ಮಾಡದೆ ಆಸ್ಪತ್ರೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಬಿಟ್ಟು ಐಬುಪ್ರೊಫೆನ್, ಆಸ್ಪಿರಿನ್ ನುಂಗಬೇಡಿ.

ಎರಡು ವಾರ ದಾಟಿದ ಕೆಮ್ಮು ನೆಗಡಿಯದ್ದಲ್ಲ ಅಂತಲೇ ತಿಳಿಯಿರಿ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಕಫ ಪರೀಕ್ಷೆಯೂ ಕ್ಷಯದ ಔಷಧವೂ ಉಚಿತ. ಹತ್ತಿ, ಮೆಣಸಿನಕಾಯಿ, ಭತ್ತದ ಧೂಳಿನಲ್ಲಿ ಕೆಲಸ ಮಾಡುವವರಿಗೆ ಪ್ರತಿ ಸುಗ್ಗಿಗೆ ಬರುವ ಸೀನು, ಉಬ್ಬಸ ಅಲರ್ಜಿಯೋ ಅಸ್ತಮಾವೋ ಆಗಿರಬಹುದು. ಅದಕ್ಕೆ ಮೂಗು ಬಾಯಿಗೆ ಬಟ್ಟೆ, ಡಾಕ್ಟರು ಹೇಳಿದ ಇನ್‌ಹೇಲರ್ ಬೇಕು. ಶುಂಠಿಯಿಂದ ಆಗೋ ಕೆಲಸ ಅಲ್ಲ.

ಉಸಿರಾಟಕ್ಕೆ ಕಷ್ಟ, ಎದೆನೋವು, ಮೂರು ದಿನ ದಾಟಿದ ಜ್ವರ, ಒಮ್ಮೆ ಸುಧಾರಿಸಿ ಮತ್ತೆ ಏರಿದ ಜ್ವರ ಇವಕ್ಕೆಲ್ಲ ಮೊದಲ ಬಾಗಿಲು ಹತ್ತಿರದ ಆರೋಗ್ಯ ಕೇಂದ್ರ. ದೇವದುರ್ಗ, ಮಾನ್ವಿಯಲ್ಲಿ ತಾಲೂಕು ಆಸ್ಪತ್ರೆ ಇದೆ, ರಾಯಚೂರಿನಲ್ಲಿ ರಿಮ್ಸ್ ಇದೆ. ಅಲ್ಲಿ ಹೋದಾಗ ಕುಡಿಯುತ್ತಿರುವ ಕಷಾಯದ ಹೆಸರನ್ನೂ ಹೇಳಬೇಕು. ಬೈತಾರೆ ಅಂತ ಮುಚ್ಚಿಟ್ಟರೆ ನಷ್ಟ ನಮ್ಮದೇ.

ಹಾಗಾದರೆ ಏನು ಕುಡಿಯೋದು?

ಇಬ್ಬರಿಗೆ ಒಂದು ಸರಳ ಲೋಟ. ಎರಡು ಲೋಟ ನೀರಿಗೆ ಹೆಬ್ಬೆರಳ ಗಿಣ್ಣಿನಷ್ಟು ಜಜ್ಜಿದ ಹಸಿ ಶುಂಠಿ, ನಾಲ್ಕೈದು ಮೆಣಸಿನ ಕಾಳು, ಅರ್ಧ ಚಮಚ ಹವೀಜ (ಕೊತ್ತಂಬರಿ ಬೀಜ) ಹಾಕಿ ಹತ್ತು ನಿಮಿಷ ಕುದಿಸಿ. ಒಲೆ ಆರಿಸಿ ಆರೇಳು ತುಳಸಿ ಎಲೆ ಅಥವಾ ಒಂದು ದೊಡ್ಡಪತ್ರೆ ಹಾಕಿ ಐದು ನಿಮಿಷ ಮುಚ್ಚಿಡಿ. ಸೋಸಿ, ಕುಡಿಯುವಷ್ಟು ಬೆಚ್ಚಗಾದ ಮೇಲೆ ಬೇಕಿದ್ದರೆ ಒಂದು ಚಮಚ ಜೇನು. ಶುಗರ್ ಇದ್ದವರು ಜೇನು, ಬೆಲ್ಲ ಎರಡನ್ನೂ ಬಿಡಿ. ದಿನಕ್ಕೆ ಎರಡು ಸಲ, ನೆಗಡಿ ಇರೋವರೆಗೆ ಮಾತ್ರ. ಆರೋಗ್ಯವಾಗಿದ್ದಾಗ ‘ಇಮ್ಯುನಿಟಿಗೆ’ ಅಂತ ವರ್ಷಪೂರ್ತಿ ಕುಡಿಯಬೇಕಾಗಿಲ್ಲ. ರಕ್ತ ತೆಳು ಮಾಡುವ ಗುಳಿಗೆ ತಗೊಳ್ಳೋರು ಇಷ್ಟಕ್ಕೂ ಡಾಕ್ಟರನ್ನು ಕೇಳಿಕೊಳ್ಳಲಿ.

ಇನ್ನು ಊರಿಗೆ ಪ್ಯಾಕೆಟ್ ಕಳಿಸುವವರಿಗೆ ಒಂದು ಮಾತು. ಆರ್ಡರ್ ಒತ್ತುವ ಮುಂಚೆ ಅವ್ವನಿಗೆ ವಿಡಿಯೋ ಕಾಲ್ ಮಾಡಿ, ಮನೆಯಲ್ಲಿರುವ ಗುಳಿಗೆ ಡಬ್ಬಿಯನ್ನು ಕ್ಯಾಮೆರಾ ಎದುರು ಹಿಡಿಯೋಕೆ ಹೇಳಿ. ಯಾರು ಏನು ನುಂಗುತ್ತಾರೆ ಅಂತ ಒಂದು ಪಟ್ಟಿ ಮಾಡಿ ನಿಮ್ಮ ಫೋನಿನಲ್ಲೇ ಇಟ್ಟುಕೊಳ್ಳಿ. ಪ್ಯಾಕೆಟ್ಟಿನ ಹಿಂದಿನ ಹೆಸರುಗಳ ಜೊತೆ ಆ ಪಟ್ಟಿಯನ್ನು ಡಾಕ್ಟರಿಗೋ ಔಷಧ ಅಂಗಡಿಯ ಫಾರ್ಮಸಿಸ್ಟ್‌ಗೋ ತೋರಿಸಿ. ಹತ್ತು ನಿಮಿಷದ ಕೆಲಸ. ನೆಗಡಿಗೆ ಆಗದಿದ್ದರೂ, ಮುಂದೆ ಯಾವತ್ತೋ ಅರ್ಧ ರಾತ್ರಿ ಆಸ್ಪತ್ರೆಯಲ್ಲಿ ‘ಯಾವ ಗುಳಿಗೆ ತಗೊಳ್ತಾರೆ?’ ಅಂತ ಕೇಳಿದಾಗ ಆ ಪಟ್ಟಿ ಕೆಲಸಕ್ಕೆ ಬರುತ್ತದೆ.